ಒಂದೇ ದಿಕ್ಕಿಗೆ ಓಡುವ ಮಿಷನ್ನು

ಬಳ್ಳಾರಿ ಕೌಲ್‌ಬಜಾರಿನ ಗಲ್ಲಿಯೊಂದರಲ್ಲಿ, ಮಹಡಿ ಮೇಲೆ,
ಹದಿನಾಲ್ಕು ಮಿಷನ್ನು. ನಂದು ಕಿಟಕಿ ಪಕ್ಕದ್ದು.
ಜೀನ್ಸಿಗೆ ಝಿಪ್ ಕೂಡಿಸೋದು ನನ್ನ ಕೆಲಸ, ಇಪ್ಪತ್ತೆರಡು ವರ್ಷದಿಂದ.
ಬೆರಳು ನೀಲಿ. ಉಗುಳಿದರೆ ಎಂಜಲೂ ನೀಲಿ.

ಕಾಲೇಜು ಬಿಟ್ಟಮೇಲೆ ಸುಂಕಮ್ಮ ಇಲ್ಲಿಗೇ ಬರ್ತಾಳೆ,
ಡೆನಿಮ್ ಥಾನಿನ ಮೇಲೆ ಚಕ್ಕಳಬಕ್ಕಳ ಹಾಕಿ
ಮಿಷನ್ ಸದ್ದಿಗೂ ಮೇಲೆ ದನಿ ಎತ್ತಿ ಓದ್ತಾಳೆ.

"ಅಪ್ಪಾ, ಜೀವಕೋಶದೊಳಗೆ ಡಿಎನ್‌ಎ ಅಂತ ಉದ್ದನೆ ಝಿಪ್ ಐತೆ."
ಎಷ್ಟು ಇಂಚು, ಅಂದೆ.
"ಬಿಡಿಸಿದರೆ ಆರಡಿ. ಮಡಚಿದರೆ ಕಣ್ಣಿಗೇ ಕಾಣಲ್ಲ."
ಅಷ್ಟು ಚಂದ ಮಡಚೋನು ನಮ್ಮ ಪ್ಯಾಕಿಂಗಿಗೆ ಬೇಕಿತ್ತು.

ಹಲ್ಲು ನಾಲ್ಕೇ ಥರವಂತೆ. ಎ ಎದುರಿಗೆ ಟಿ, ಜಿ ಎದುರಿಗೆ ಸಿ,
ಬೇರೆ ಯಾವುದೂ ಕಚ್ಚಲ್ಲ. ಇಂಥ ಹಟದ ಝಿಪ್ಪು ನಾನು ಕಂಡಿಲ್ಲ.
ರನ್ನರ್ ಇಳಿದಂಗೆಲ್ಲ ಎರಡು ಪಟ್ಟಿ ಬೇರೆಯಾಗ್ತಾವೆ,
ಒಂಟಿಯಾದ ಪಟ್ಟಿ ತನ್ನ ಎದುರಿನದನ್ನು
ಹಲ್ಲು ಹಲ್ಲಾಗಿ ನೆನಪಿಸಿಕೊಳ್ತೈತೆ.
ಒಂದು ಝಿಪ್ಪು ಎರಡಾಗ್ತೈತೆ, ಎರಡರಲ್ಲೂ ಅರ್ಧ ಹಳೇದು.

"ಆದರೆ ಹೊಲಿಯೋ ಕಿಣ್ವ ಒಂದೇ ದಿಕ್ಕಿಗೆ ಹೋಗ್ತೈತಪ್ಪ.
ಒಂದು ಪಟ್ಟಿ ಸರಾಗ. ಇನ್ನೊಂದು ತುಂಡು ತುಂಡು,
ಆಮೇಲೆ ಯಾರೋ ಬಂದು ಗಂಟು ಹಾಕ್ತಾರೆ."
ನಾನು ಪೆಡಲ್ಲಿನಿಂದ ಕಾಲು ತೆಗೆದೆ.
ಒಂದೆರಡು ಹೊಲಿಗೆ ಹಿಂದಕ್ಕೆ ಬಂದೀತು ಮಿಷನ್ನು, ಅಷ್ಟೇ,
ಎಂಟನೇ ಕ್ಲಾಸಿಗೆ ಬಿಟ್ಟವನಿಗೂ ಅದು ಗೊತ್ತು.
ಮನುಷ್ಯನ ಮೈಯಾಗೂ ಇದೇ ತಾಪತ್ರಯ ಅಂತ ಗೊತ್ತಿರಲಿಲ್ಲ.

ಕಟಿಂಗ್ ಮಾಸ್ಟರ್ ಶೇಕ್ಷಾವಲಿ ಮೂಲ ರಟ್ಟನ್ನು ಯಾರ ಕೈಗೂ ಕೊಡಲ್ಲ.
ಮೊಳೆಗೆ ನೇತುಹಾಕಿ ಕೋಣೆಗೆ ಬೀಗ.
ಬೇಕಾದ ತುಂಡಷ್ಟೇ ತೆಳು ಕಾಗದಕ್ಕೆ ಎತ್ತಿ
ಕಿಂಡಿಯಿಂದ ಆಚೆ ಕೊಡ್ತಾನೆ. ಸಂಜೆಗೆ ಆ ಕಾಗದ ಕಸ.
"ಅದೇ ಆರ್‌ಎನ್‌ಎ! ಟಿ ಬದಲು ಯು ಬರೀತಾನೆ."
ಶೇಕ್ಷಾವಲಿಯ ಕೈಬರಹವೂ ಹಂಗೇ, ಅರ್ಧ ಅಕ್ಷರ ಅವನದೇ.

ಕಾಗದ ಹಿಡಿದು ಕೂತ ಮಿಷನ್ನು ರೈಬೋಸೋಮು.
ಮೂರು ಮೂರೇ ಅಕ್ಷರ ಓದ್ತೈತೆ.
ಹೆಲ್ಪರ್ ಹುಡುಗರು ಒಂದೊಂದು ಅಮೈನೋ ಆಮ್ಲ ಹೊತ್ತು ಬರ್ತಾರೆ,
ಚೀಟಿ ಕೂಡಿದವನು ಇಳಿಸಿ ಹೋಗ್ತಾನೆ, ಕೂಡದವನು ವಾಪಸ್.
ನಿಲ್ಲು ಅನ್ನೋ ಮೂರಕ್ಷರಕ್ಕೆ ದಾರ ಕಟ್.
ಸರ ತಾನೇ ಮಡಚಿಕೊಂಡು ಕೂದಲು, ಉಗುರು,
ರಕ್ತದಾಗಿನ ಹಿಮೋಗ್ಲೋಬಿನ್ನು.

ಇಲ್ಲಿ ಅವಳ ದನಿ ತಗ್ಗಿತು.
ಥಾನಿನ ಹಿಂದೆ ಎರ್ರಿಸ್ವಾಮಿ ಮಲಗಿದ್ದ.

ಮೂರು ವಾರಕ್ಕೊಮ್ಮೆ ದೊಡ್ಡಾಸ್ಪತ್ರೆ, ಬೇರೆಯವರ ರಕ್ತ.
ಥಲಸೀಮಿಯಾ ಅಂದಿದ್ದರು ಡಾಕ್ಟರಮ್ಮ,
ಯಾವುದೋ ಊರ ಹೆಸರಿನಂಗೆ ಕೇಳಿಸಿತ್ತು ನನಗೆ.
"ಒಂದೇ ಅಕ್ಷರ ಅಪ್ಪಾ. ನಿನ್ನಲ್ಲೊಂದು, ಅವ್ವನಲ್ಲೊಂದು.
ನಿಮಗೆ ಇನ್ನೊಂದು ಪ್ರತಿ ಸರಿ ಇತ್ತು, ನಡೀತು.
ಅವನಿಗೆ ಎರಡೂ ತಪ್ಪಿದ್ದೇ ಬಂತು."
ನಿನಗೆ?
"ಗೊತ್ತಿಲ್ಲ. ಪರೀಕ್ಷೆ ಮಾಡಿಸಬೇಕು."

ಸಂಡೂರಿನಿಂದ ಅದಿರಿನ ಲಾರಿ ಇಳೀತಾವೆ,
ದಾರಿಬದಿ ಬೇವಿನ ಎಲೆಯೂ ಕೆಂಪು.
ಇಷ್ಟು ಕಬ್ಬಿಣದ ಸೀಮೆಯಲ್ಲಿ
ಹುಡುಗನ ಮೈಗೆ ಸೇರಿದ ಕಬ್ಬಿಣ ತೆಗೆಯೋಕೆ ದಿನಾ ಮಾತ್ರೆ.

ಒಮ್ಮೆ ರಟ್ಟಿನಲ್ಲಿ ಎಳೆಯಷ್ಟು ಕಚ್ಚು ತಪ್ಪಿ
ಮುನ್ನೂರು ಪ್ಯಾಂಟಿನ ಎಡಗಾಲು ತಿರುಚಿಕೊಂಡಿದ್ದವು.
ಶೇಕ್ಷಾವಲಿ ಯಾರನ್ನೂ ಬೈಯಲಿಲ್ಲ. ಬೀಡಿ ಹಚ್ಚಿ ಅಂದ:
"ನಾನೂ ಇನ್ನೊಬ್ಬರ ರಟ್ಟು ನೋಡೇ ಎತ್ತಿದ್ದು, ಗಾದಿಲಿಂಗಾ."

ಹೆಂಡತಿ ಮಾರೆಕ್ಕ ಆ ಮೂಲೆಯಲ್ಲಿ, ತಪ್ಪು ಹೊಲಿಗೆ ಬಿಚ್ಚೋಳು.
ಮೈಯಾಗೂ ಅಂಥವರಿದಾರಂತೆ,
ಒಂದು ಹೊಲಿಗೆ ಹಿಂದೆ ಬಂದು, ತಪ್ಪು ಕಿತ್ತು, ಸರಿ ಹಾಕೋರು.
ಕೋಟಿಗೊಂದು ಕಣ್ತಪ್ಪಬಹುದು.
ರಟ್ಟೇ ತಪ್ಪಿದ್ದರೆ? ಅಂದೆ.
"ಅದನ್ನೇ ಸರಿ ಅಂತಾರಪ್ಪ."

ಎರ್ರಿ ಎದ್ದ. ರಿಜೆಕ್ಟ್ ಡಬ್ಬಿಯಿಂದ ಝಿಪ್ಪೊಂದು ತೆಗೆದು
ಮೇಲೆ ಕೆಳಗೆ, ಮೇಲೆ ಕೆಳಗೆ.
ನಡುವೆ ಒಂದು ಹಲ್ಲಿಲ್ಲ. ಅಲ್ಲಿ ಬಂದಾಗ ಬೆರಳಿಂದ ಒತ್ತಿ ದಾಟಿಸ್ತಾನೆ.
ನಾಳೆ ಆಸ್ಪತ್ರೆ. ಇವತ್ತು ಇನ್ನೂ ಎಂಬತ್ತು ಪೀಸು.