ಎಂಜಲು ಬೆಳಕು

ಬುರ್ಯಾತಿಯ ಹುಲ್ಲುಬಯಲಲ್ಲಿ ಶಾರ-ನೂರ್ ಎಂಬ ಉಪ್ಪುಕೆರೆ.
ಬೇಸಿಗೆಗೆ ಅಂಗೈಯಷ್ಟಾಗುತ್ತದೆ,
ಅಂಚನ್ನು ಕುದುರೆಗಳು ನೆಕ್ಕಿ ಹೋಗುತ್ತವೆ.
ದಡದ ಕೆಸರನ್ನು ಚಾಕುವಿನಿಂದ ಕೊಯ್ದೆ:
ಮೇಲೆ ಹಸಿರು, ಕೆಳಗೆ ನೇರಳೆ,
ಅದಕ್ಕೂ ಕೆಳಗೆ ಕೂದಲೆಳೆಯಷ್ಟು ತೆಳ್ಳಗೆ
ಆರಿದ ಹಾಲುಚಹಾದ ಬಣ್ಣ.
ಆಮೇಲೆ ಬರೀ ಕಪ್ಪು, ಕೊಳೆತ ಮೊಟ್ಟೆಯ ನಾತ.
"ಇದೇ ನಾತದಲ್ಲಿ ಕೂತು ನಮ್ಮಜ್ಜಿ ಮಂಡಿನೋವು ಕಳೆದುಕೊಂಡಳು"
ಎಂದ ತ್ಸಿಬಿಕ್ ಮುದುಕ, ಕುದುರೆಯಿಂದ ಇಳಿಯದೆಯೇ.

ಪ್ರಯೋಗಾಲಯದಲ್ಲಿ ಹತ್ತು ಗಾಜಿನ ನಳಿಕೆ.
ನೂರಕ್ಕೆ ಎಂಟು ಪಾಲು ಉಪ್ಪು, ಒಂದಿಷ್ಟು ಸೋಡಾ,
ಗಾಳಿ ಒಂದು ಗುಟುಕೂ ಇಲ್ಲ. ಎದುರಿಗೆ ದೀಪ.
ಮೂರನೇ ವಾರಕ್ಕೆ ತಳದಲ್ಲೊಂದು ಚುಕ್ಕೆ,
ಸೊಳ್ಳೆ ಕಚ್ಚಿದ ಗುರುತಿನಷ್ಟು.

ಆಗಲೇ ಸಂಸ್ಥೆಗೆ ಉಳಿತಾಯದ ಹುಮ್ಮಸ್ಸು ಬಂತು.
ಹಳೇ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿಸಿದರು.
ಕೋಣೆ ಹಾಲು ಚೆಲ್ಲಿದ ಹಾಗೆ ಬೆಳಗಿತು.
ನನ್ನ ನಳಿಕೆಗಳು ಒಂಬತ್ತೇ ದಿನಕ್ಕೆ ಬಿಳಿಚಿಕೊಂಡವು,
ಅಷ್ಟು ಬೆಳಕಿನ ನಡುವೆ ಉಪವಾಸ.

ಉಪ್ಪು ಅಳೆದೆ, ಸೋಡಾ ಅಳೆದೆ, ನನ್ನನ್ನೇ ಬೈದುಕೊಂಡೆ.
ಕೊನೆಗೆ ಅಮ್ಮನ ಕರುವಿನ ಕೊಟ್ಟಿಗೆಯಿಂದ
ಒಂದು ಬಲ್ಬು ಬಿಚ್ಚಿ ತಂದೆ, ನೊಣದ ಕಲೆಯ ಸಮೇತ.
ಮುಟ್ಟಿದರೆ ಬೆರಳು ಚುರ್ರೆನ್ನುವಂಥದ್ದು.
ಮುಕ್ಕಾಲು ಪಾಲು ಬಿಸಿಯಾಗಿ ಪೋಲು ಎಂದು
ನೋಟೀಸಿನಲ್ಲಿ ಬರೆದಿದ್ದರಲ್ಲ,
ಆ ಪೋಲೇ ಇದರ ಊಟ.

ಕೆಂಪು ಮುಗಿದ ಮೇಲೂ ಬೆಳಕು ನಡೆಯುತ್ತಲೇ ಇರುತ್ತದೆ,
ನಮ್ಮ ಕಣ್ಣು ಹೊಸಿಲಲ್ಲೇ ನಿಲ್ಲುತ್ತದೆ.
ಹಸಿರು ಉಂಡೆದ್ದು, ನೇರಳೆ ಉಂಡೆದ್ದು,
ಎಲೆಯಲ್ಲಿ ಉಳಿದ ಕಾಣದ ಅಗುಳನ್ನು
ಇದು ಒಂದೂ ಬಿಡದೆ ಆಯುತ್ತದೆ.

ವಂಶವಾಹಿಯ ಅಕ್ಷರಗಳನ್ನು ಕಂಪ್ಯೂಟರು ಹೋಲಿಸಿತು.
ತೀರ ಹತ್ತಿರದ ನೆಂಟನಿಗೂ ನೂರಕ್ಕೆ ತೊಂಬತ್ನಾಲ್ಕೇ ಹೋಲಿಕೆ.
"ಇನ್ನೊಮ್ಮೆ ಓಡಿಸು ಸೆಸೆಗ್ಮಾ" ಎಂದರು ಮೇಲಿನವರು
ಕನ್ನಡಕ ಒರೆಸುತ್ತ. ಮೂರು ಸಲ ಓಡಿಸಿದೆ.
ಹೊಸದು.

ಇನ್ನು ಹೆಸರಿಡಬೇಕು,
ಲ್ಯಾಟಿನ್ನಿನಲ್ಲಿ, ಲಿಂಗ ವಿಭಕ್ತಿ ತಪ್ಪದ ಹಾಗೆ.
ಎರಡು ದೇಶಗಳ ಶೀತಪೆಟ್ಟಿಗೆಯಲ್ಲಿ ಒಂದೊಂದು ಚಿಟಿಕೆ ಇಡಬೇಕು.
ತ್ಸಿಬಿಕ್ ಮುದುಕನಿಗೆ ಹೇಳಿದೆ, ಕೆರೆಯ ಬಳಿಯೇ.
ಉಪ್ಪುಚಹಾ ಬಗ್ಗಿಸುತ್ತ ಕೇಳಿದ:
"ಇಷ್ಟು ಕಾಲ ಹೆಸರಿಲ್ಲದೆ ಏನು ಮಾಡುತ್ತಿತ್ತಂತೆ?"

ಊಟ, ಎಂದೆ.

ನಕ್ಕ. ವಾಡಿಕೆಯಂತೆ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿದ,
ಈ ಸಲ ಕೆಸರಿನ ಕಡೆಗೆ ಕೈ ಚಾಚಿ.

ಅರ್ಜಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿ.
ನಳಿಕೆಯೆದುರು ಬಲ್ಬು ಉರಿಯುತ್ತಿದೆ.
ರಾತ್ರಿ ಅಮ್ಮನ ಫೋನು:
ಮಂಜು ಬೀಳತೊಡಗಿದೆ, ಕರು ನಡುಗುತ್ತಿದೆ,
ಬಲ್ಬು ಯಾವಾಗ ತರುತ್ತೀ?