ಎಡಗಣ್ಣಿಗೆ ಇನ್ನೊಂದು ಸುತ್ತು

ಡಾರ್ವೆನ್ನಿನಲ್ಲಿ ಮೋಡವಿಲ್ಲದ ರಾತ್ರಿ
ವಾರಕ್ಕೊಂದು ಸಿಕ್ಕರೆ ಪುಣ್ಯ.
ಸಿಕ್ಕ ದಿನ ನಡುಗೋಡೆಗೆ ಮೂರು ಸಲ ಬಡಿಯುತ್ತಾಳೆ
ಪಕ್ಕದ ಮನೆಯ ಎನಿಡ್ ಎಂಟ್ವಿಸಲ್.
ನಾನು ಒಲೆ ಆರಿಸಿ, ಕೋಟು ಸಿಕ್ಕಿಸಿಕೊಂಡು
ಹಿತ್ತಲಲ್ಲಿ ಕಸದ ಡಬ್ಬಿಗಳ ನಡುವೆ ಹೋಗಿ ನಿಲ್ಲುತ್ತೇನೆ.

ಮೂವತ್ತೊಂದು ವರ್ಷ ಬಣ್ಣದ ಕಾರ್ಖಾನೆಯಲ್ಲಿ
ಬಿಳಿಗೆ ಬಿಳಿ ಹೊಂದಿಸಿದವಳು.
ಬಿಳಿಯಲ್ಲಿ ಹದಿನೇಳು ಬಗೆಯಂತೆ. ನನಗೆ ಗೊತ್ತಿದ್ದದ್ದು
ಸುಣ್ಣ, ಹಾಲು, ಮಜ್ಜಿಗೆ.
ಈಗ ಅದೇ ಕಣ್ಣಿಂದ ಒಂದೇ ಒಂದು ನಕ್ಷತ್ರ ನೋಡುತ್ತಾಳೆ:
ಆಂಡ್ರೊಮಿಡಾದ ಚಾಚಿದ ಕೈತುದಿಯ ಲ್ಯಾಂಬ್ಡಾ.
ನಮ್ಮ ಇಪ್ಪತ್ತೇಳರಲ್ಲಿ ಅದಿಲ್ಲ,
ಯಾರ ಜನ್ಮನಕ್ಷತ್ರವೂ ಅಲ್ಲ,
ಅದರ ಹೆಸರಲ್ಲಿ ಯಾವ ಮದುವೆಯೂ ಮುರಿದಿಲ್ಲ.

‘ಉಬ್ಬಿದ ಮುದಿ ನಕ್ಷತ್ರ, ಮೈಮೇಲೆ ಕಲೆ.
ಒಂದು ಸುತ್ತಿಗೆ ಐವತ್ತನಾಲ್ಕು ದಿನ.
ಕಲೆಯಿರುವ ಮಗ್ಗುಲು ಇತ್ತ ಬಂದರೆ ಮಂಕು,
ಅತ್ತ ಹೊರಳಿದರೆ ಹೊಳಪು. ಅಷ್ಟೇ ನೋಡು.’

ಹಂಚಿನ ಮೇಲೆ ಅವ್ವ ಬೆರಳಲ್ಲಿ ತಿರುಗಿಸುವ
ಜೋಳದ ರೊಟ್ಟಿ ನೆನಪಾಯಿತು, ಅದರ ಸುಟ್ಟ ಚುಕ್ಕೆ.
ಹೇಳಿದೆ.
ಎನಿಡ್ ಒಪ್ಪಲಿಲ್ಲ. ‘ಸುಟ್ಟದ್ದಲ್ಲ, ಅಲ್ಲಿ ಬೇಯುವುದೇ ಕಡಿಮೆ.
ಕಪ್ಪೆಂದರೆ ಕಪ್ಪಲ್ಲ, ಅದೂ ಉರಿಯೇ,
ಸುತ್ತಲಿಗಿಂತ ಸಾವಿರ ಡಿಗ್ರಿ ತಣ್ಣಗೆ.
ಅಂಗೈಯಗಲ ಕಿತ್ತು ತಂದು ಈ ಗೋಡೆಯ ಮೇಲಿಟ್ಟರೆ
ಗೋಡೆ ಇರುವುದಿಲ್ಲ.’

ಜುಲೈನಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆದರು.
ಬ್ಲ್ಯಾಕ್‌ಬರ್ನ್ ಆಸ್ಪತ್ರೆಯಲ್ಲಿ ಆ ಕಣ್ಣಿನ ಉದ್ದ ಅಳೆದವಳು ನಾನೇ:
ಇಪ್ಪತ್ತಮೂರೂವರೆ ಮಿಲಿಮೀಟರು. ಯಾರದ್ದಾದರೂ ಅಷ್ಟೇ.
ಮನೆಗೆ ಬಂದು ಮೊದಲು ನೋಡಿದ್ದು ಅಡುಗೆಮನೆಯ ಗೋಡೆ.
ಎಡಗಣ್ಣಿಗೆ ಮಜ್ಜಿಗೆ,
ಬಲಗಣ್ಣಿಗೆ ಸುಣ್ಣ.
ಕುರ್ಚಿ ಎಳೆದು ಕೂತುಬಿಟ್ಟಳು.
‘ಕೊನೆಕೊನೆಗೆ ನಾನು ಸರಿಯೆಂದು ಮುದ್ರೆ ಒತ್ತಿದ ಡಬ್ಬಿಗಳು?
ಆಗಲೇ ಶುರುವಾಗಿತ್ತೇ ಇದು?
ಎಷ್ಟು ಮಂದಿ ಮಲಗುತ್ತಿದ್ದಾರೋ ನನ್ನ ಹಳದಿಯೊಳಗೆ!’
ಎರಡನ್ನೂ ಅದೇ ಕಣ್ಣಿಂದಲೇ ಹೋಲಿಸಿದ್ದೆಯಲ್ಲ, ಎಂದೆ.
ಕೇಳಿಸಿಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಗೋಡೆ ಬಡಿದ ಸದ್ದು ಬೇರೆಯಿತ್ತು.
ಪುಸ್ತಕದ ಲೆಕ್ಕದಲ್ಲಿ ಇಂದು ಹೊಳೆಯಬೇಕು, ಮಂಕಾಗಿದೆ.
ಕಲೆ ಜರುಗಿತೇ? ಹೊಸದು ಹುಟ್ಟಿತೇ?
ಬಲಗಣ್ಣು ಮುಚ್ಚಿದಳು, ಎಡಗಣ್ಣು ಮುಚ್ಚಿದಳು,
ಸೂಜಿಗೆ ದಾರ ಪೋಣಿಸುವವಳ ಹಾಗೆ ತುಟಿ ಬಿಗಿಹಿಡಿದು.
ಆಮೇಲೆ ನಕ್ಕಳು.
ಮಂಕಾದದ್ದು ಲ್ಯಾಂಬ್ಡಾ ಅಲ್ಲ.
ಅಳತೆಗಿಟ್ಟ ಪಕ್ಕದ ಚುಕ್ಕಿ ನೀಲಿ.
ಇಷ್ಟು ವರ್ಷ ಆ ನೀಲಿಯನ್ನು
ಪೊರೆ ಒಂದೊಂದೇ ಗುಟುಕು ಕುಡಿಯುತ್ತಿತ್ತು.
ಈಗ ಅದು ಪೂರ್ತಿ ಬಂದು ನಿಂತಿದೆ,
ಎದುರು ನಮ್ಮ ಹಳದಿ ಮುದುಕಿ ಸೋತಂತೆ ಕಾಣುತ್ತಾಳೆ.

‘ನಿನ್ನ ಕಣ್ಣಿಗೆ?’
ನೋಡಿದೆ. ಹೇಳಿದೆ. ನನ್ನದು ಅವಳ ಎರಡರ ನಡುವೆ ಎಲ್ಲೋ ಇತ್ತು.
ಪುಸ್ತಕದಲ್ಲಿ ಹೊಸದಾಗಿ ಮೂರು ಕಾಲಂ ಗೀಚಿದಳು:
ಎಡ, ಬಲ, ಪಕ್ಕದ ಮನೆ.

ಎಡಗಣ್ಣಿಗೆ ದಿನ ಗೊತ್ತುಮಾಡಿ ಆಸ್ಪತ್ರೆಯ ಕಾಗದ ಬಂತು.
ಎನಿಡ್ ಮುಂದೂಡಿದಳು, ಸರಿಯಾಗಿ ಐವತ್ತನಾಲ್ಕು ದಿನ.
ಒಂದು ಇಡೀ ಸುತ್ತನ್ನು ಎರಡೂ ಕಣ್ಣು ಜತೆಯಾಗಿ ನೋಡಬೇಕು,
ಹಳೆಯ ಲೆಕ್ಕವನ್ನು ಹೊಸ ಲೆಕ್ಕಕ್ಕೆ ಹೊಲಿಯಬೇಕು;
ಇಲ್ಲದಿದ್ದರೆ ಹಿಂದಿನದೆಲ್ಲ ಯಾರದ್ದೋ ಬರಹ.
ಕಾರಣ ಎಂಬ ಕಡೆ ನಾನು ಟೈಪಿಸಿದೆ: ರೋಗಿಯ ಕೋರಿಕೆ.

ಆ ಐವತ್ತನಾಲ್ಕರಲ್ಲಿ ಆಕಾಶ ಬಿಚ್ಚಿದ್ದು ಒಂಬತ್ತು ರಾತ್ರಿ.
ಚೌಕದ ಹಾಳೆಯ ಮೇಲೆ ಒಂಬತ್ತು ಚುಕ್ಕಿ,
ಒಂದು ಇಳಿದು, ಒಂದು ಏರಿ, ಎರಡು ಮೋಡದ ಅನುಮಾನದಲ್ಲಿ.
ಚುಕ್ಕಿ ಕಂಡರೆ ಗೆರೆ ಎಳೆಯುವ ಕೈ ನನ್ನದು,
ಪೆನ್ಸಿಲ್ ಎತ್ತಿದೆ.
ಎನಿಡ್ ಮೆಲ್ಲಗೆ ಕಸಿದುಕೊಂಡಳು.