ಎಡ ಪಕ್ಕೆಯ ಅಂಟು

ಈಗಲ್‌ಹಾಕಿನ ಒಂದು ಗ್ಯಾರೇಜಿನಲ್ಲಿ
ನಲವತ್ತು ಡಾಲರಿಗೆ ಕೊಂಡೆ:
ಎದೆ, ಬೆನ್ನು, ಎರಡು ಭುಜ, ಒಂದೂವರೆ ಮೊಣಕಾಲು.
ಬಿಳಿ ಪ್ಲಾಸ್ಟಿಕ್ಕು, ಯಾವುದೋ ಗ್ರಹದ ಸಿಪಾಯಿಯದಂತೆ.
"ಮೊಮ್ಮಗನಿಗಾ?" ಅಂದಳು ನೊರೀನ್, ಚೀಲ ಹುಡುಕುತ್ತ.
ಅಲ್ಲಮ್ಮಾ, ನನಗೇ.
ಐವತ್ತೇಳಕ್ಕೆ ಸಿಪಾಯಿ ಆಗಬಾರದೆಂದು ಎಲ್ಲಿ ಬರೆದಿದೆ?
ನಕ್ಕಳು. ಯಾಕೋ ಐದು ಡಾಲರು ಹಿಂದಕ್ಕೆ ಕೊಟ್ಟಳು.

ಮನೆಗೆ ತಂದು ಮಗುಚಿದರೆ
ಒಳಗೆಲ್ಲ ಅಂಟು.
ಜೇನಿನ ಬಣ್ಣಕ್ಕೆ ತಿರುಗಿದ್ದು,
ಮಗುವಿನ ಸಿಂಬಳದಂತೆ ಇಳಿದು ಅಲ್ಲೇ ಗಟ್ಟಿಯಾದದ್ದು,
ನಾಯಿಕೂದಲು ಹಿಡಿದು ಇನ್ನೂ ಬಿಡದ್ದು.
ಮೂರು ಕಾಲದ್ದು, ಕಡಿಮೆಯೆಂದರೂ ಮೂರು ಕೈಗಳದ್ದು.
ಹಚ್ಚುವಾಗ ಒಬ್ಬೊಬ್ಬರೂ ಅಂದುಕೊಂಡಿರಬೇಕು
ಇನ್ನು ಇದು ಈ ಜನ್ಮಕ್ಕೆ ಬಿಡುವುದಿಲ್ಲ ಎಂದು.

ನನ್ನ ಕಸುಬು ಕಟ್ಟುಹಲ್ಲು.
ಇಪ್ಪತ್ತೆರಡು ವರ್ಷದಿಂದ ಬೆಂಡಿಗೋ ಊರಿನ ಅರ್ಧ ನಗು
ನನ್ನ ಮೇಜಿನ ಮೇಲೆ ಹಾದು ಹೋಗಿದೆ.
ಪ್ಲಾಸ್ಟಿಕ್ಕಿನ ಸ್ವಭಾವ ಬಲ್ಲೆ:
ಬಿಸಿಗೆ ಸೊರಗುತ್ತದೆ, ಆತುರಕ್ಕೆ ಬಿರಿಯುತ್ತದೆ,
ಅಸಿಟೋನ್ ಸೋಕಿದರೆ ಬೆಲ್ಲದಂತೆ ಕರಗಿ
ಅಂಟು ಯಾವುದು, ತಾನು ಯಾವುದು, ಮರೆತೇಬಿಡುತ್ತದೆ.

ಅದಕ್ಕೇ ಮೊದಲು ಚಳಿ.
ಬಟಾಣಿ ಪೊಟ್ಟಣ ಸರಿಸಿ
ಭುಜಗಳನ್ನು ಫ್ರೀಜರಿನಲ್ಲಿ ಮಲಗಿಸಿದೆ.
ಹನ್ನೊಂದು ಗಂಟೆಗೆ ಐಸ್‌ಕ್ರೀಮಿಗೆ ಕೈ ಹಾಕಿದ ವಾದಿರಾಜ
ಯಾರದೋ ಭುಜ ಮುಟ್ಟಿ ಹೌಹಾರಿದ.
ಬೆಳಿಗ್ಗೆ ಹಳೆಯ ಅಂಟು ಚಿಕ್ಕಿಯ ಹಾಗೆ
ಪಟ್ಟೆಂದು ಎದ್ದಿತು.
ಹೊಸದು ಏಳಲಿಲ್ಲ. ಹೊಸದಕ್ಕೇ ಹಠ ಹೆಚ್ಚು.
ಅದಕ್ಕೆ ಸ್ಪಿರಿಟ್ಟು, ಹತ್ತಿಯ ತುದಿಯಲ್ಲಿ, ಅಂಚಿಗೆ ಮಾತ್ರ.
ಆಮೇಲೆ ಹಲ್ಲುಸಂದಿಯ ದಾರ,
ಗರಗಸದ ಹಾಗೆ ಹಿಂದೆ ಮುಂದೆ.
ಚಾಕು ಬೇಡ. ಉಗುರೂ ಬೇಡ.
ಅವಧಿ ಮುಗಿದ ಬ್ಯಾಂಕ್ ಕಾರ್ಡು ಸಾಕು.

ಸ್ಟಿಕರಿನ ಜಿಡ್ಡಿಗೆ ನೀಲಗಿರಿ ಎಣ್ಣೆ.
ಇಲ್ಲಿ ಅದು ಹಾಲಿನಷ್ಟು ಸಲೀಸು.
ನೆಗಡಿಯಾದಾಗ ಅಮ್ಮ ಕರವಸ್ತ್ರಕ್ಕೆ ಹಾಕುತ್ತಿದ್ದ ಎಣ್ಣೆ;
ಹೆಸರು ನಮ್ಮ ಕಡೆಯ ಬೆಟ್ಟದ್ದು,
ಮರ ಇಲ್ಲಿಯದು, ನನ್ನ ಬೇಲಿಯಾಚೆ
ಸಿಪ್ಪೆ ಸುಲಿದುಕೊಂಡು ನಿಂತದ್ದು.
ಹೆಸರೂ ಒಂದು ಅಂಟೇ.
ಕೀಳಹೋದರೆ ಮೂಗು ಒಪ್ಪುವುದಿಲ್ಲ.

ಎರಡೇ ಹನಿ, ಯಾರೂ ಕಾಣದ ಮೂಲೆಗೆ.
ಎಣಿಸುತ್ತ ಕೂತೆ. ಹೊಳಪು ಒಂದಿಷ್ಟು ಮಂಕಾಯಿತು,
ಓಡಿಹೋಗಿ ಸೋಪುನೀರಿನಲ್ಲಿ ತೊಳೆದೆ.
ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಎಂದು ಕಲಿತ ಕೈ ಇದು:
ಜಿಡ್ಡಿಗೆ ಜಿಡ್ಡೇ ಮದ್ದು, ನಿಜ,
ಆದರೆ ಹಲಸಿಗೆ ಸಿಪ್ಪೆ ಇತ್ತು.

ಎಡ ಪಕ್ಕೆಯ ಫೋಮು ಎದ್ದದ್ದು ನಾಲ್ಕನೆಯ ಸಂಜೆ.
ಅಡಿಯಲ್ಲಿ ಅಕ್ಷರ.
ಹಳದಿ ಅಂಟಿನೊಳಗೆ ಸಿಕ್ಕಿಬಿದ್ದ ಇರುವೆಸಾಲು:
"ಕೂರುವ ಮುಂಚೆ ಉಸಿರು ಬಿಡು, ಮರ್ವ್."
ಬಲಕ್ಕೆ ವಾಲಿದ ಬರಹ.
ಗ್ಯಾರೇಜಿನಲ್ಲಿ ನಲವತ್ತು ಎಂದು ಬರೆದಿದ್ದ ಚೀಟಿಯೂ
ಹೀಗೇ ವಾಲಿತ್ತು.

ಸ್ಪಿರಿಟ್ಟು ತಾಗಿದಲ್ಲಿ ಮೊದಲು ಹೋದದ್ದು
ಅಂಟಲ್ಲ, ಶಾಯಿ.
ಮರ್ವ್‌ನ ಬಾಲ ಆಗಲೇ
ಹತ್ತಿಯಲ್ಲಿ ನೇರಳೆಯಾಗಿ ಕೂತಿತ್ತು.

ಕೈ ತೆಗೆದೆ.

ಮಿಕ್ಕದ್ದೆಲ್ಲ ಈಗ ನುಣುಪು, ಒಂದು ಗೀರೂ ಇಲ್ಲ,
ಮಂಕಾದ ಆ ಮೂಲೆ ಬಿಟ್ಟರೆ.
ಎಡ ಪಕ್ಕೆಯಲ್ಲಿ ಅಂಗೈಯಗಲ ಹಳದಿ ಉಳಿಸಿದ್ದೇನೆ.
ತೊಟ್ಟರೆ ಚುಚ್ಚುತ್ತದೆ.
ಮೇಲೊಂದು ಬನಿಯನ್ ತುಂಡು ಇಟ್ಟುಕೊಂಡಿದ್ದೇನೆ,
ಅಂಟಿಸಿಲ್ಲ.

ಶನಿವಾರ ಮೆರವಣಿಗೆಗೆ ಹೊರಟಾಗ
ವಾದಿರಾಜ ಕಾರಿನ ಬಾಗಿಲು ಹಿಡಿದು ನಿಂತ.
"ಹತ್ತು, ಹೊತ್ತಾಯ್ತು, ಏನು ಯೋಚನೆ?"
ತಡಿ ಮಾರಾಯ, ಅಂದೆ,
ಉಸಿರು ಬಿಡ್ತಾ ಇದ್ದೇನೆ.